ಒರೆಸಿದ ಕಡತ, ಉಳಿದ ಕಿರ್ದಿ

ಅಡಿಕೆ ಸುಗ್ಗಿಯ ಸಮಯ. ಸಾಗರ ಸೀಮೆಯ ಒಂದು ಸೊಸೈಟಿಗೆ ಕಂತು ಕಟ್ಟಲು ಹೋಗಿದ್ದೆ. ಕಂಪ್ಯೂಟರಿನ ಮುಂದೆ ಕೂತ ಹುಡುಗ ಒಬ್ಬ ಸದಸ್ಯರ ಸಾಲದ ಬಾಕಿ ತಿದ್ದಲು ಹೋಗಿ, ಎಲ್ಲರ ಬಾಕಿಯನ್ನೂ ಒಂದೇ ಮೊತ್ತಕ್ಕೆ ತಂದಿಟ್ಟಿದ್ದ. ಆಗ ಹನ್ನೊಂದೂವರೆ, ಗೊತ್ತಾದದ್ದು ಹನ್ನೆರಡೂಕಾಲಿಗೆ. ಹುಡುಗನ ಮುಖ ಬಿಳುಚಿಕೊಂಡಿತು. “ಮಾಣಿ, ಇನ್ನೊಂದಕ್ಷರ ಹೊಡೆಯಡ” ಎಂದರು ಕಾರ್ಯದರ್ಶಿ.

ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು. ಅದನ್ನು ಹಾಕಿದರೆ ಬಾಕಿಗಳು ಸರಿಹೋಗುತ್ತವೆ, ಆದರೆ ಬೆಳಗಿನಿಂದ ಹಣ ಕಟ್ಟಿ ಹೋದವರ ಜಮೆ ಅಳಿದುಹೋಗುತ್ತದೆ. ಕಾರ್ಯದರ್ಶಿ ಕಪಾಟಿನಿಂದ ರಸೀದಿ ಪುಸ್ತಕ ತೆಗೆದರು. ನೀಲಿ ಕಾರ್ಬನ್ ಪ್ರತಿಗಳನ್ನು ನಂಬರಿನ ಕ್ರಮದಲ್ಲೇ ಗಟ್ಟಿಯಾಗಿ ಓದುತ್ತ ಹೋದರು, ಹುಡುಗ ಹೊಡೆಯುತ್ತ ಹೋದ. ಮಧ್ಯಾಹ್ನ ಮೂರಕ್ಕೆ ಲೆಕ್ಕ ಹಳಿಗೆ ಬಂತು.

ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಮಾಡುವುದೂ ಇದನ್ನೇ. ಒಂದು ಪೂರ್ತಿ ಪ್ರತಿ ಬೇಕು. ಅದರ ನಂತರದ ಪ್ರತಿ ಬದಲಾವಣೆಯನ್ನೂ ನಡೆದ ಕ್ರಮದಲ್ಲೇ ಬರೆದಿಟ್ಟ ಲಾಗ್ ಬೇಕು. ಪ್ರತಿಯನ್ನು ಇಳಿಸಿ, ಲಾಗನ್ನು ಅದರ ಮೇಲೆ ಓಡಿಸಿ, ತಪ್ಪು ನಡೆಯುವ ತುಸು ಮೊದಲು ನಿಲ್ಲಿಸಬೇಕು. ನಡುವಿನ ಒಂದು ತುಂಡು ಕಳೆದಿದ್ದರೆ ಅಲ್ಲಿಂದ ಮುಂದೆ ದಾರಿಯಿಲ್ಲ.

ಈ ಪಾಠ ನಮ್ಮ ಸೀಮೆಗೆ ಹೊಸದಲ್ಲ. ಇಕ್ಕೇರಿಯ ಅರಸರ ಕಾಲದಲ್ಲಿ ಲೆಕ್ಕಪತ್ರಕ್ಕೆ ಕಡತ ಬಳಕೆಯಲ್ಲಿತ್ತು. ಬಟ್ಟೆಗೆ ಹುಣಿಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆಯಾಗಿ ಮಡಚಿ, ಕಪ್ಪಿನ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥವು ಉಳಿದುಬಂದಿವೆ. ಗಟ್ಟಿ ವಸ್ತುವೇ, ಆದರೆ ಬೇಕೆಂದಾಗ ಒರೆಸಿ ಮತ್ತೆ ಬರೆಯಬಹುದು. ಒರೆಸುವ ಮುಂಚೆ ಅಲ್ಲಿ ಏನಿತ್ತೆಂದು ಕಡತ ಹೇಳದು. ಅದನ್ನು ಹೇಳಬೇಕಾದದ್ದು ದಿನದಿನದ ಕಿರ್ದಿ. ಆ ಅರಸರಲ್ಲೊಬ್ಬನಾದ 17ನೇ ಶತಮಾನದ ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯ ಪದ್ಧತಿ ನನಗೆ ನೆನಪಾಗುವುದು ಇಲ್ಲೇ. ಒಂದೊಂದು ತರದ ಭೂಮಿಯನ್ನೂ 12 ವರ್ಷ ತಾನೇ ಸಾಗು ಮಾಡಿಸಿ, ಬೀಜ, ಖರ್ಚು, ಫಸಲು ಬರೆಸಿ, ಸರಾಸರಿಯ ಮೇಲೆ ಕಂದಾಯ ಕಟ್ಟಿದ ಎನ್ನುತ್ತಾರೆ. ಎಲ್ಲರೂ ಆ ದರವನ್ನು ಹೊಗಳುತ್ತಾರೆ. ನನಗೆ ಅದರ ಹಿಂದಿನ ಬಿಡಿ ಬಿಡಿ ವರ್ಷಗಳ ಲೆಕ್ಕವೇ ದೊಡ್ಡದು. ದರ ತಪ್ಪಿದೆ ಎಂದು ಯಾರಾದರೂ ಎದ್ದು ನಿಂತರೆ ಮತ್ತೆ ಎಣಿಸಿ ತೋರಿಸಲು ಅದೊಂದೇ ಆಧಾರ.

ಅಂಥ ಆಧಾರ ಇಲ್ಲದಿದ್ದರೆ ಏನಾಗುತ್ತದೆ? 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಇಂಜಿನಿಯರೊಬ್ಬರು ತಪ್ಪು ಸರ್ವರಿನ ಡೇಟಾ ಅಳಿಸಿದರು. ನಿತ್ಯ ಬ್ಯಾಕಪ್ ಆಗುತ್ತಿದೆ ಎಂಬ ನಂಬಿಕೆಯಿತ್ತು, ಆಗುತ್ತಿರಲಿಲ್ಲ. ಆರು ಗಂಟೆ ಹಿಂದಿನ ಒಂದು ಪ್ರತಿ ಅದೃಷ್ಟಕ್ಕೆ ಸಿಕ್ಕಿತು, ನಡುವಿನ ಆರು ಗಂಟೆ ಹೋಯಿತು.

ನಮ್ಮ ಸೊಸೈಟಿಯಲ್ಲಿ ಈಗ ಲಾಗ್ ಬೇರೆ ಡಿಸ್ಕಿಗೆ ಹೋಗುತ್ತದೆ. ತಿಂಗಳಿಗೊಮ್ಮೆ ಬಾಗಿಲು ಹಾಕಿದ ಮೇಲೆ, ಅದೇ ಹುಡುಗ ಹಳೆಯ ಕಂಪ್ಯೂಟರಿನ ಮೇಲೆ ಯಾವುದೋ ಒಂದು ದಿನದ ಹನ್ನೊಂದೂವರೆಯನ್ನು ಎಬ್ಬಿಸಿ ನಿಲ್ಲಿಸುತ್ತಾನೆ. ಕಾರ್ಯದರ್ಶಿ ಕನ್ನಡಕ ಏರಿಸಿ, ಕಾರ್ಬನ್ ಪ್ರತಿಯ ಮೇಲೆ ಬೆರಳಿಟ್ಟು, ಮೊತ್ತ ತಾಳೆ ನೋಡುತ್ತಾರೆ.