ಒರೆಗೆ ಹಚ್ಚುವ ಲೆಕ್ಕ

ಅಮೆರಿಕದ ‘ಕೊರೊನರಿ ಡ್ರಗ್ ಪ್ರಾಜೆಕ್ಟ್’ ಅಧ್ಯಯನದಲ್ಲಿ, ಒಮ್ಮೆ ಹೃದಯಾಘಾತವಾಗಿದ್ದ ಗಂಡಸರಿಗೆ ಕ್ಲೋಫೈಬ್ರೇಟ್ ಮಾತ್ರೆಯನ್ನೋ ಔಷಧವಿಲ್ಲದ ಹುಸಿಮಾತ್ರೆಯನ್ನೋ ಚೀಟಿ ಎತ್ತಿದಂತೆ ಹಂಚಿದ್ದರು. ಐದು ವರ್ಷಗಳಲ್ಲಿ ಔಷಧದ ಗುಂಪಿನಲ್ಲಿ ತೀರಿಕೊಂಡವರು ಶೇ 20.0, ಹುಸಿಮಾತ್ರೆಯ ಗುಂಪಿನಲ್ಲಿ ಶೇ 20.9. ಔಷಧದಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ ಎಂಬುದೇ ಮುಖ್ಯ ಫಲಿತಾಂಶ.

ಕೊಟ್ಟ ಮಾತ್ರೆಯನ್ನು ಎಲ್ಲರೂ ನುಂಗಿದರೇ ಎಂಬ ಅನುಮಾನ ಸಹಜ. ಶೇ 80ರಷ್ಟಾದರೂ ಕ್ಲೋಫೈಬ್ರೇಟ್ ತೆಗೆದುಕೊಂಡವರನ್ನು ಬೇರ್ಪಡಿಸಿ ನೋಡಿದರೆ ಸಾವಿನ ಪ್ರಮಾಣ ಶೇ 15.0, ಅಷ್ಟು ತೆಗೆದುಕೊಳ್ಳದವರಲ್ಲಿ ಶೇ 24.6. ಇಲ್ಲಿಗೇ ನಿಲ್ಲಿಸಿದ್ದರೆ ಔಷಧ ಗೆದ್ದಿತೆಂದು ಸಾರಿಬಿಡಬಹುದಿತ್ತು. ಸಂಶೋಧಕರು ಹುಸಿಮಾತ್ರೆಯವರನ್ನೂ ಹಾಗೆಯೇ ವಿಂಗಡಿಸಿದರು. ಅಲ್ಲಿ ಶೇ 15.1 ಮತ್ತು ಶೇ 28.2! ಏನೂ ಇಲ್ಲದ ಮಾತ್ರೆಯನ್ನು ತಪ್ಪದೆ ನುಂಗಿದವರೂ ಹೆಚ್ಚು ಬದುಕಿದ್ದರು. ವ್ಯತ್ಯಾಸ ಇದ್ದದ್ದು ಮಾತ್ರೆಯಲ್ಲಲ್ಲ, ಅದನ್ನು ತಪ್ಪದೆ ನುಂಗುವ ಮನುಷ್ಯರಲ್ಲಿ. 1980ರಲ್ಲಿ ಪ್ರಕಟವಾದ ಈ ನಾಲ್ಕು ಅಂಕಿಗಳನ್ನು ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಓದಬೇಕೆಂದು ನನ್ನ ಆಸೆ.

ಹೀಗೆ ಬೇರೆ ಬೇರೆ ರೀತಿಯಲ್ಲಿ ಮತ್ತೆ ಲೆಕ್ಕ ಹಾಕುವುದಕ್ಕೆಲ್ಲ ‘ಸೆನ್ಸಿಟಿವಿಟಿ ಅನಾಲಿಸಿಸ್’ ಎಂದು ಹೆಸರಿಡುವ ರೂಢಿಯಿದೆ. ನನಗದು ಸರಿಕಾಣುವುದಿಲ್ಲ. ಪ್ರಶ್ನೆ ಅದೇ ಇರಬೇಕು, ಲೆಕ್ಕದ ಅಡಿಯಲ್ಲಿದ್ದ ಒಂದು ಊಹೆಯನ್ನಷ್ಟೇ ಬದಲಿಸಬೇಕು. ಆಗ ಮಾತ್ರ ಮುಖ್ಯ ಫಲಿತಾಂಶವನ್ನು ಒರೆಗೆ ಹಚ್ಚಿದಂತೆ. ಪ್ರಶ್ನೆಯೇ ಬದಲಾದರೆ ಉತ್ತರವೂ ಬದಲಾಗುತ್ತದೆ; ಅದು ಮೊದಲ ಉತ್ತರವನ್ನು ಸುಳ್ಳು ಮಾಡುವುದಿಲ್ಲ, ಸಮರ್ಥಿಸುವುದೂ ಇಲ್ಲ.

2022ರಲ್ಲಿ ಪ್ರಕಟವಾದ ‘ನಾರ್ಡಿಕ್’ ಅಧ್ಯಯನವನ್ನೇ ನೋಡಿ. ಪೋಲೆಂಡ್, ನಾರ್ವೆ, ಸ್ವೀಡನ್‌ಗಳ 84,585 ಜನರಲ್ಲಿ ಒಂದು ಗುಂಪನ್ನು ದೊಡ್ಡ ಕರುಳಿನ ಪರೀಕ್ಷೆಯಾದ ಕೊಲೊನೊಸ್ಕೋಪಿಗೆ ಕರೆದರು. ಬಂದವರು ಶೇ 42 ಮಾತ್ರ. ಹತ್ತು ವರ್ಷಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಸತ್ತವರು ಕರೆದ ಗುಂಪಿನಲ್ಲಿ ಶೇ 0.28, ಕರೆಯದವರಲ್ಲಿ ಶೇ 0.31. ಕರೆದವರೆಲ್ಲ ಬಂದು ಪರೀಕ್ಷೆ ಮಾಡಿಸಿಕೊಂಡಿದ್ದರೆ ಎಂದು ಹೊಂದಿಸಿ ಲೆಕ್ಕ ಹಾಕಿದಾಗ ಸಾವಿನ ಪ್ರಮಾಣ ಶೇ 0.30ರಿಂದ 0.15ಕ್ಕೆ, ಅಂದರೆ ಅರ್ಧಕ್ಕೆ ಇಳಿಯಿತು. ಪರೀಕ್ಷೆಯನ್ನು ನಂಬಿದವರು ಎರಡನೆಯದನ್ನು ಎತ್ತಿ ಹಿಡಿದರು, ಅನುಮಾನಿಸಿದವರು ಮೊದಲನೆಯದನ್ನು. ಜನರನ್ನು ಕರೆಯುವ ಯೋಜನೆಗೆ ಹಣ ಹೂಡಬೇಕೇ ಎಂದು ಯೋಚಿಸುವ ಸರ್ಕಾರಕ್ಕೆ ಮೊದಲ ಅಂಕಿ ಬೇಕು. ವೈದ್ಯರ ಮುಂದೆ ಕುಳಿತು ‘ನಾನು ಮಾಡಿಸಿಕೊಂಡರೆ ಏನು ಲಾಭ?’ ಎಂದು ಕೇಳುವವರಿಗೆ ಎರಡನೆಯದು ಹತ್ತಿರ. ಆದರೆ ಕರೆದಾಗ ಬರುವವರು ಬಾರದವರಂತೆಯೇ ಇರುತ್ತಾರೆಯೇ? ಹೊಂದಿಸಿದ ಲೆಕ್ಕ ಈ ಅಂತರವನ್ನು ಪೂರ್ತಿ ತುಂಬಿತೆಂದು ನಂಬುವ ಮುಂಚೆ ಕ್ಲೋಫೈಬ್ರೇಟಿನ ಕಥೆ ನನ್ನ ಕೈ ಹಿಡಿದು ನಿಲ್ಲಿಸುತ್ತದೆ.

ಹಾಗಾಗಿ ಯಾವುದೇ ಸಂಶೋಧನಾ ಲೇಖನದಲ್ಲಿ ‘ಮರುಲೆಕ್ಕದಲ್ಲೂ ಫಲಿತಾಂಶ ಬದಲಾಗಲಿಲ್ಲ’ ಎಂಬ ಒಂದು ಸಾಲು ಕಂಡರೆ ನನಗೆ ಸಮಾಧಾನವಾಗುವುದಿಲ್ಲ. ಎರಡೂ ಅಂಕಿಗಳು ಅವುಗಳ ಅನಿಶ್ಚಿತತೆಯ ವ್ಯಾಪ್ತಿಯ ಜೊತೆ ಅಕ್ಕಪಕ್ಕ ಇರಬೇಕು. ಮರುಲೆಕ್ಕವನ್ನು ಫಲಿತಾಂಶ ನೋಡುವ ಮೊದಲೇ ಗೊತ್ತುಮಾಡಿದ್ದರೋ, ನೋಡಿದ ಮೇಲೆ ಹೊಳೆಯಿತೋ ಎಂಬುದನ್ನೂ ಬರೆದಿರಬೇಕು. ಮತ್ತೆ, ಅಧ್ಯಯನವನ್ನು ನಡುವೆಯೇ ಬಿಟ್ಟುಹೋದವರನ್ನು ಚೆನ್ನಾಗಿದ್ದಾರೆಂದು ಎಣಿಸಿದರೋ, ತೀರಿಕೊಂಡರೆಂದು ಎಣಿಸಿದರೋ? ನಾನು ಮೊದಲು ಹುಡುಕುವುದು ಅದನ್ನು ಹೇಳುವ ಸಾಲನ್ನು.