ಹೆಬ್ಬೆರಳಿಗೆ ಸಿಗುವ ಬಟನ್
ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹುಡುಗರು ವೈರ್‌ಲೆಸ್ ಗೇಮಿಂಗ್ ಮೌಸ್ ಕೊಳ್ಳುವಾಗ ಡಬ್ಬಿಯ ಮೇಲಿನ ಡಿಪಿಐ ಅಂಕಿಗೆ ಮರುಳಾಗಬಾರದು. ಬಹುತೇಕ ಆಟಗಳಿಗೆ 800ರಿಂದ 1600 ಸಾಕು. ಬ್ಲೂಟೂತ್ ಒಂದೇ ಇದ್ದರೆ ಬೇಡ, 2.4 ಗಿಗಾಹರ್ಟ್ಸ್ ರಿಸೀವರ್ ಇರಲಿ. ಅದಿದ್ದರೆ ಕೈ ಆಡಿದ ಕೂಡಲೇ ಕರ್ಸರ್ ಓಡುತ್ತದೆ. ಬಟನ್‌ಗೆ ವಹಿಸಿದ ಕೆಲಸ ಮೌಸ್‌ನ ಮೆಮೊರಿಯಲ್ಲೇ ಉಳಿಯಬೇಕು. ಆಗ ರಾತ್ರಿ ಮನೆಯಲ್ಲಿ ಹೊಂದಿಸಿದ್ದು ಬೆಳಗ್ಗೆ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಹೆಬ್ಬೆರಳಿನ ಎರಡು ಬಟನ್‌ಗಳಲ್ಲೇ ಕಾಪಿ, ಪೇಸ್ಟ್ ಮುಗಿಯುತ್ತದೆ. ಲಾಜಿಟೆಕ್ ಜಿ304 ಮೌಸ್‌ಗೆ ಹೀಗೆ ಕೆಲಸ ವಹಿಸಬಹುದಾದ ಒಟ್ಟು ಆರು ಬಟನ್‌ಗಳಿವೆ, ಮೆಮೊರಿಯೂ ಇದೆ. ಒಂದೇ ಪೆನ್ಸಿಲ್ ಸೆಲ್‌ನಲ್ಲಿ ಓಡುವುದರಿಂದ ಚಾರ್ಜ್‌ಗೆ ಕಾಯುವ ಗೋಜಿಲ್ಲ. ಸೆಲ್ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಆನ್‌ಲೈನ್ ಆರ್ಡರ್ ಮಾಡುವ ಮೊದಲು ಕಂಪ್ಯೂಟರ್ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ. ಹನ್ನೆರಡು ಬಟನ್‌ಗಳ ಆಸೆ ಬಿಡಿ. ಹೆಬ್ಬೆರಳು ಚಾಚದೆ ಮುಟ್ಟುವಷ್ಟಕ್ಕೇ ದುಡ್ಡು ಕೊಡಿ.