ಅಹಂಕಾರದ ಬೆಲೆ ತೆತ್ತವರು ಯಾರು?

ಭಿನ್ನಾಭಿಪ್ರಾಯವು ಮಾನವ ಪ್ರಕೃತಿಯ ಒಂದು ಭಾಗ. ಅಲ್ಲಾಹನು ಇಚ್ಛಿಸಿರುತ್ತಿದ್ದರೆ ಇಡೀ ಮನುಕುಲವನ್ನು ಒಂದೇ ಸಮುದಾಯವನ್ನಾಗಿ ಮಾಡಬಹುದಿತ್ತೆಂದು ಪವಿತ್ರ ಕುರ್‌ಆನ್ ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ನೆನಪಿಸುತ್ತದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಸಹೋದರರು ಒಂದೇ ವಿಷಯವನ್ನು ಎರಡು ಬಗೆಯಲ್ಲಿ ನೋಡುತ್ತಾರೆ. ಆದರೂ ಅವರು ಒಂದೇ ಹರಿವಾಣದಲ್ಲಿ ಉಣ್ಣುತ್ತಾರೆ. ಹಾಗಿರುವಾಗ ಸಮಾಜಗಳು ಒಡೆಯುವುದೇಕೆ? ನೆರೆಹೊರೆಯವರು ಶತ್ರುಗಳಾಗುವುದೇಕೆ? ಒಂದೇ ಕಿಬ್ಲಾದ ಕಡೆಗೆ ಮುಖ ಮಾಡುವವರು ಪರಸ್ಪರ ಮುಖ ನೋಡಲು ಹಿಂಜರಿಯುವುದೇಕೆ?

ಈ ಪ್ರಶ್ನೆಗೆ ಉತ್ತರವು ಮಾನವ ಇತಿಹಾಸದ ಪ್ರಥಮ ಅಧ್ಯಾಯದಲ್ಲಿಯೇ ಇದೆ. ಇಬ್ಲೀಸನಿಗೆ ಅಲ್ಲಾಹನ ಅಸ್ತಿತ್ವದ ಬಗ್ಗೆ ಸಂದೇಹವಿರಲಿಲ್ಲ. ಅವನನ್ನು ಕೆಡಿಸಿದ್ದು ಹೋಲಿಕೆ. ತಾನು ಬೆಂಕಿಯಿಂದ ಸೃಷ್ಟಿಯಾದವನು, ಆದಮ್(ಅ) ಮಣ್ಣಿನಿಂದ ಸೃಷ್ಟಿಯಾದವರು, ಆದ್ದರಿಂದ ತಾನೇ ಶ್ರೇಷ್ಠನೆಂದು ಅವನು ವಾದಿಸಿದನು. ಪ್ರವಾದಿ ಮುಹಮ್ಮದ್(ಸ)ರವರು ಅಹಂಕಾರವನ್ನು ವಿವರಿಸುವಾಗ ಉತ್ತಮ ಉಡುಪನ್ನಾಗಲಿ ಉತ್ತಮ ಪಾದರಕ್ಷೆಯನ್ನಾಗಲಿ ದೂಷಿಸಲಿಲ್ಲ. ಎದುರಿಗೆ ಬಂದ ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ತುಚ್ಛವಾಗಿ ಕಾಣುವುದು, ಈ ಎರಡನ್ನು ಅಹಂಕಾರವೆಂದು ಅವರು ಕಲಿಸಿಕೊಟ್ಟರು. ಒಂದು ಅಭಿಪ್ರಾಯವು ಎಲ್ಲಿಯವರೆಗೆ ಅಭಿಪ್ರಾಯವಾಗಿ ಉಳಿಯುತ್ತದೆ ಮತ್ತು ಎಲ್ಲಿ ರೋಗವಾಗಿ ಬದಲಾಗುತ್ತದೆ ಎಂಬುದನ್ನು ಅಳೆಯಲು ಇದಕ್ಕಿಂತ ಉತ್ತಮ ಅಳತೆಗೋಲು ಬೇಕಾಗಿಲ್ಲ.

ಈ ಅಳತೆಗೋಲನ್ನು ಹಿಡಿದು ನಮ್ಮದೇ ನೆಲವನ್ನೊಮ್ಮೆ ನೋಡೋಣ. ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಕೆಂಭಾವಿ ಒಂದು ಸಣ್ಣ ಪಟ್ಟಣ. ಶರಣ ಪರಂಪರೆಯನ್ನು ಬಲ್ಲವರಿಗೆ ಈ ಹೆಸರು ಕೇಳಿದೊಡನೆ ಭೋಗಯ್ಯನ ನೆನಪಾಗುತ್ತದೆ. ವೀರಶೈವ ಪುರಾಣಗಳು ಹೇಳುವ ಕಥೆ ಹೀಗಿದೆ: ಅಸ್ಪೃಶ್ಯನೆಂದು ಊರು ದೂರವಿಟ್ಟ ಒಬ್ಬ ಅತಿಥಿಯನ್ನು ಭೋಗಯ್ಯನು ತನ್ನ ಮನೆಯೊಳಗೆ ಕರೆದು ಸತ್ಕರಿಸಿದನು. ಊರಿನ ಮೇಲ್ವರ್ಗದವರು ಕೆರಳಿ ಅರಸನಲ್ಲಿ ದೂರು ಕೊಟ್ಟರು. ಭೋಗಯ್ಯನನ್ನು ಊರಿನಿಂದ ಹೊರಹಾಕಲಾಯಿತು. ಆದರೆ ಅವನು ಹೊರಟಾಗ ಊರಿನ ಲಿಂಗಗಳೆಲ್ಲವೂ ಅವನ ಹಿಂದೆಯೇ ಹೊರಟವು. ಕೊನೆಗೆ ಅವನನ್ನು ಹೊರಹಾಕಿದವರೇ ಹೋಗಿ ಮರಳಿ ಕರೆತರಬೇಕಾಯಿತು.

ನಮ್ಮ ವಿಶ್ವಾಸವು ಬೇರೆ, ಪುರಾಣದ ಪವಾಡಗಳನ್ನು ನಾವು ನೋಡುವ ರೀತಿಯೂ ಬೇರೆ. ಆದರೆ ಆ ಕಥೆಯನ್ನು ಕಟ್ಟಿದವರು ಹೇಳಲು ಬಯಸಿದ ನೀತಿಯನ್ನು ಅರಿಯಲು ನಮಗೇನೂ ಅಡ್ಡಿಯಿಲ್ಲ. ಮನುಷ್ಯನನ್ನು ತುಚ್ಛವಾಗಿ ಕಂಡು ಹೊರದಬ್ಬುವ ಊರಿನಲ್ಲಿ ಪೂಜಾ ಸ್ಥಳಗಳ ಕಟ್ಟಡಗಳು ಉಳಿಯಬಹುದು, ಧರ್ಮವು ಉಳಿಯುವುದಿಲ್ಲ. ಇದು ಕೆಂಭಾವಿಯ ಮಣ್ಣು ಕಲಿಸುವ ಮೊದಲ ಪಾಠ.

ಎರಡನೆಯ ಪಾಠವು ಪುರಾಣದ್ದಲ್ಲ, ಇತಿಹಾಸದ್ದು. ನಮ್ಮ ಸಮುದಾಯವು ಅದನ್ನು ಕೇಳಲು ಅಷ್ಟಾಗಿ ಇಷ್ಟಪಡುವುದಿಲ್ಲ. 1948ರವರೆಗೆ ಕೆಂಭಾವಿಯು ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. ಭಾರತವು ಸ್ವತಂತ್ರವಾದಾಗ ಸಂಸ್ಥಾನದ ಮುಂದೆ ಒಂದು ಪ್ರಶ್ನೆ ಇತ್ತು: ಭಾರತದ ಒಕ್ಕೂಟವನ್ನು ಸೇರಬೇಕೆ ಅಥವಾ ಪ್ರತ್ಯೇಕವಾಗಿ ಉಳಿಯಬೇಕೆ? ಇದು ಭಿನ್ನಾಭಿಪ್ರಾಯಕ್ಕೆ ಅವಕಾಶವಿದ್ದ ವಿಷಯವೇ ಆಗಿತ್ತು. ಮುಸ್ಲಿಮರೊಳಗೂ ಎರಡು ಅಭಿಪ್ರಾಯಗಳಿದ್ದವು. ಆದರೆ ಖಾಸಿಂ ರಝ್ವಿಯ ನಾಯಕತ್ವದ ರಜಾಕಾರರು ಅಭಿಪ್ರಾಯವನ್ನು ಅಹಂಕಾರವನ್ನಾಗಿ ಮಾರ್ಪಡಿಸಿದರು. ಸಂಸ್ಥಾನದ ಬಹುಸಂಖ್ಯಾತರು ಹಿಂದೂಗಳಾಗಿದ್ದರು. ಆ ವಾಸ್ತವವನ್ನು ಲೆಕ್ಕಿಸದೆ, ಆಳುವ ಹಕ್ಕು ಹುಟ್ಟಿನಿಂದಲೇ ತಮಗೆ ಬಂದಿದೆಯೆಂಬ ಭ್ರಮೆಯನ್ನು ಅವರು ಬೆಳೆಸಿದರು. ಹಳ್ಳಿಗಳಲ್ಲಿ ಸುಲಿಗೆ ನಡೆಯಿತು. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಈ ಭಾಗದ ಜನರು ಇಂದಿಗೂ ಮರೆತಿಲ್ಲ.

ಅಹಂಕಾರವು ಪರರನ್ನು ಮಾತ್ರ ಕೊಲ್ಲುವುದಿಲ್ಲ. ಅದು ತನ್ನವರೊಳಗಿನ ಪ್ರಾಮಾಣಿಕ ಧ್ವನಿಯನ್ನೂ ಸಹಿಸುವುದಿಲ್ಲ. ಶೋಯೆಬುಲ್ಲಾ ಖಾನ್ ಎಂಬ ಯುವ ಪತ್ರಕರ್ತರು ಹೈದರಾಬಾದ್‌ನಿಂದ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯನ್ನು ಹೊರತರುತ್ತಿದ್ದರು. ಸಂಸ್ಥಾನವು ಭಾರತದಲ್ಲಿ ವಿಲೀನಗೊಳ್ಳಬೇಕೆಂದೂ ರಜಾಕಾರರ ನೀತಿಯು ವಿನಾಶಕಾರಿಯೆಂದೂ ಅವರು ಬರೆದರು. 1948ರ ಆಗಸ್ಟ್ ತಿಂಗಳಲ್ಲಿ, ಕೆಲಸ ಮುಗಿಸಿ ರಾತ್ರಿ ಮನೆಗೆ ಮರಳುತ್ತಿದ್ದಾಗ ಅವರನ್ನು ಕೊಲ್ಲಲಾಯಿತು. ಬರೆಯುವ ಕೈಯನ್ನೇ ಕತ್ತರಿಸಲಾಗಿತ್ತು. ಅವರು ಬರೆದದ್ದಕ್ಕೆ ಉತ್ತರವನ್ನು ಬರೆಯಬಹುದಿತ್ತು. ಅಹಂಕಾರಕ್ಕೆ ಉತ್ತರ ಬರೆಯುವ ತಾಳ್ಮೆ ಇರುವುದಿಲ್ಲ.

ಮುಂದಿನ ತಿಂಗಳು, ಸೆಪ್ಟೆಂಬರ್ 13ರಿಂದ 17ರ ವರೆಗೆ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನವು ಪತನವಾಯಿತು. ಅನಂತರ ನಡೆದುದೇನು? ಪ್ರಧಾನಿ ಜವಾಹರಲಾಲ್ ನೆಹರೂ ಅವರ ಸೂಚನೆಯಂತೆ ಪಂಡಿತ್ ಸುಂದರಲಾಲ್ ಅವರ ನೇತೃತ್ವದ ಸಮಿತಿಯು ಆ ವರ್ಷದ ಕೊನೆಯಲ್ಲಿ ಸಂಸ್ಥಾನದ ಜಿಲ್ಲೆಗಳಲ್ಲಿ ಸಂಚರಿಸಿತು. ಕಾರ್ಯಾಚರಣೆಯ ವೇಳೆ ಮತ್ತು ಅದರ ಬಳಿಕ ಕನಿಷ್ಠ 27 ಸಾವಿರದಿಂದ 40 ಸಾವಿರ ಜನರು ಪ್ರಾಣ ಕಳೆದುಕೊಂಡರೆಂದು ಸಮಿತಿಯು ಅಂದಾಜಿಸಿತು. ಅತ್ಯಂತ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳೆಂದು ಅದು ಗುರುತಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್‌ಗಳನ್ನು. ಈ ವರದಿಯು ದಶಕಗಳ ಕಾಲ ಕತ್ತಲಲ್ಲಿದ್ದು, 2013ರ ಸುಮಾರಿಗೆ ಸಾರ್ವಜನಿಕರ ಕೈಗೆ ಸಿಕ್ಕಿತು.

ಈಗ ಕೇಳೋಣ, ಅಹಂಕಾರದ ಬೆಲೆ ತೆತ್ತವರು ಯಾರು? ನಿಜಾಮರು 1956ರ ವರೆಗೆ ರಾಜಪ್ರಮುಖರಾಗಿ ಗೌರವದಿಂದಲೇ ಇದ್ದರು. ಖಾಸಿಂ ರಝ್ವಿ ಸೆರೆವಾಸ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ತೆರಳಿದರು. ಭಾಷಣವನ್ನೂ ಮಾಡದ, ಬಂದೂಕನ್ನೂ ಹಿಡಿಯದ ಹಳ್ಳಿಯ ಬಡ ಮುಸ್ಲಿಮನು ಪ್ರಾಣ ಕೊಟ್ಟನು. ಅವನ ಪತ್ನಿ ವಿಧವೆಯಾದಳು. ಅವನ ಮಕ್ಕಳು ಹೊಲ ಮನೆಗಳನ್ನು ಕಳೆದುಕೊಂಡರು. ಅದಕ್ಕೂ ಮುನ್ನ ರಜಾಕಾರರ ಕೈಯಲ್ಲಿ ಸತ್ತವರೂ ಅಂತಹದೇ ನಿರಪರಾಧಿ ರೈತರು. ವೇದಿಕೆಯ ಮೇಲೆ ನಿಂತು ಗುಡುಗುವವನು ತಪ್ಪಿಸಿಕೊಳ್ಳುತ್ತಾನೆ. ಕೆಳಗೆ ನಿಂತು ಕೇಳಿದವನು, ಕೆಲವೊಮ್ಮೆ ಕೇಳದೆ ಇದ್ದವನೂ, ಲೆಕ್ಕ ತೀರಿಸಬೇಕಾಗುತ್ತದೆ.

ಅದೇ ವರದಿಯಲ್ಲಿ ಬೆಳಕಿನ ಒಂದು ಪುಟವೂ ಇದೆ. ಕೆಲವು ಊರುಗಳಲ್ಲಿ ಹಿಂದೂ ನೇಕಾರರು ತಮ್ಮ ಜೊತೆಗಾರರಾದ ಮುಸ್ಲಿಮ್ ನೇಕಾರರನ್ನು ದಾಳಿಕೋರರಿಂದ ರಕ್ಷಿಸಿದರು. ಅದಕ್ಕಾಗಿ ತಮ್ಮ ಪ್ರಾಣವನ್ನೇ ತೆತ್ತವರೂ ಅವರಲ್ಲಿದ್ದರು. ಈ ನೇಕಾರರ ನಡುವೆ ಧರ್ಮದ ವಿಷಯದಲ್ಲಿ ಒಮ್ಮತವಿತ್ತೆ? ಇರಲಿಲ್ಲ. ದೇವರು, ಆರಾಧನೆ, ಹಬ್ಬ, ಆಹಾರ ಎಲ್ಲದರಲ್ಲೂ ಭಿನ್ನತೆ ಇತ್ತು. ಆದರೆ ಒಂದೇ ಕಸುಬಿನಿಂದ ಹೊಟ್ಟೆ ಹೊರೆಯುತ್ತಿದ್ದ ಅವರಿಗೆ ಪರಸ್ಪರರ ಬೆವರಿನ ಪರಿಚಯವಿತ್ತು. ಹತ್ತಿರದಿಂದ ಬಲ್ಲವನನ್ನು ತುಚ್ಛವಾಗಿ ಕಾಣುವುದು ಅಷ್ಟು ಸುಲಭವಲ್ಲ.

ಇಂದು ಅಹಂಕಾರದ ಪಾತ್ರಧಾರಿಗಳು ಬದಲಾಗಿದ್ದಾರೆ. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶ ನಿರಾಕರಿಸಿದ ಬಳಿಕ ಅಂತಹ ಬಹಿಷ್ಕಾರದ ಕೂಗು ರಾಜ್ಯದ ಬೇರೆ ಕಡೆಗಳಿಗೂ ಹಬ್ಬಿತು. ಬಹುಸಂಖ್ಯೆಯೇ ಹಕ್ಕು, ಉಳಿದವರು ತಮ್ಮ ಕೃಪೆಯಲ್ಲಿ ಬದುಕಬೇಕು ಎಂಬ ಈ ಮನೋಭಾವವು ರಜಾಕಾರರ ಮನೋಭಾವದ ಸಹೋದರನೇ ಆಗಿದೆ. ಅಧಿಕಾರದ ಬಲದಿಂದ ಅಂದು ಒಬ್ಬರು ಉಬ್ಬಿದರು, ಸಂಖ್ಯೆಯ ಬಲದಿಂದ ಇಂದು ಇನ್ನೊಬ್ಬರು ಉಬ್ಬುತ್ತಿದ್ದಾರೆ. ಇದನ್ನು ಸಂವಿಧಾನದ ಚೌಕಟ್ಟಿನೊಳಗೆ ನಿಂತು ಖಂಡಿತವಾಗಿಯೂ ಪ್ರಶ್ನಿಸಬೇಕು. ಆದರೆ ಅವರ ಅಹಂಕಾರಕ್ಕೆ ನಮ್ಮ ಅಹಂಕಾರವು ಮದ್ದಾಗಲಾರದು. ಪ್ರಚೋದನಕಾರಿ ಭಾಷಣಕ್ಕೆ ಚಪ್ಪಾಳೆ ತಟ್ಟುವ ನಮ್ಮ ಯುವಕರು ಗುಲ್ಬರ್ಗಾ ಜಿಲ್ಲೆಯ ಆ ವಿಧವೆಯರನ್ನೊಮ್ಮೆ ನೆನಪಿಸಿಕೊಳ್ಳಲಿ.

ಇನ್ನು ನಮ್ಮ ಮನೆಯೊಳಗಿನ ಸ್ಥಿತಿಯನ್ನು ನೋಡೋಣ. ಕೈಯನ್ನು ಎದೆಯ ಮೇಲೆ ಕಟ್ಟಬೇಕೋ ಹೊಕ್ಕುಳ ಕೆಳಗೋ, ಆಮೀನ್ ಗಟ್ಟಿಯಾಗಿ ಹೇಳಬೇಕೋ ಮೆಲ್ಲಗೋ ಎಂಬ ವಿಷಯಗಳಲ್ಲಿ ಮಸೀದಿಗಳು ಇಬ್ಭಾಗವಾಗುತ್ತವೆ. ಒಂದು ಗುಂಪಿನವನ ಜನಾಝಾಕ್ಕೆ ಇನ್ನೊಂದು ಗುಂಪಿನವನು ಹೋಗುವುದಿಲ್ಲ. 2024ರಲ್ಲಿ ದಕ್ಷಿಣ ಕನ್ನಡದಲ್ಲಿ ಏಪ್ರಿಲ್ 10ರಂದು ಈದುಲ್ ಫಿತ್ರ್ ಆಚರಿಸಲಾಯಿತು. ರಾಜ್ಯದ ಉಳಿದ ಹೆಚ್ಚಿನ ಕಡೆಗಳಲ್ಲಿ ಏಪ್ರಿಲ್ 11ರಂದು ಆಚರಿಸಲಾಯಿತು. ಚಂದ್ರದರ್ಶನದ ವಿಷಯದಲ್ಲಿ ಇಂತಹ ವ್ಯತ್ಯಾಸವು ಹೊಸತಲ್ಲ, ಅದರಿಂದ ದೀನ್‌ಗೆ ಹಾನಿಯೂ ಇಲ್ಲ. ಇನ್ನೊಬ್ಬರ ಉಪವಾಸವನ್ನು ಲೇವಡಿ ಮಾಡುವ ನಾಲಗೆಯಿಂದ ಮಾತ್ರ ಹಾನಿಯಿದೆ.

ಪ್ರವಾದಿ(ಸ)ರವರ ಕಾಲದಲ್ಲಿ ಸಹಾಬಿಗಳ ಒಂದು ತಂಡವನ್ನು ಬನೂ ಕುರೈಝಾದ ಕಡೆಗೆ ಕಳುಹಿಸಲಾಯಿತು. ಅಸರ್ ನಮಾಝನ್ನು ಅಲ್ಲಿ ತಲುಪಿಯೇ ನಿರ್ವಹಿಸಬೇಕೆಂದು ಆದೇಶವಾಗಿತ್ತು. ದಾರಿಯಲ್ಲಿ ನಮಾಝಿನ ಸಮಯ ಮೀರತೊಡಗಿತು. ಕೆಲವರು ಆದೇಶದ ಅಕ್ಷರವನ್ನು ಹಿಡಿದು ಮುಂದೆ ನಡೆದರು. ಇನ್ನು ಕೆಲವರು ಆದೇಶದ ಆಶಯವು ತ್ವರೆ ಮಾಡುವುದೆಂದು ತಿಳಿದು ದಾರಿಯಲ್ಲೇ ನಮಾಝ್ ನಿರ್ವಹಿಸಿದರು. ವಿಷಯ ತಿಳಿದಾಗ ಪ್ರವಾದಿ(ಸ)ರವರು ಯಾರನ್ನೂ ಆಕ್ಷೇಪಿಸಲಿಲ್ಲ. ಎರಡೂ ತಂಡಗಳು ಒಂದೇ ಗುರಿಯತ್ತ ಸಾಗಿದ್ದವು, ಎರಡು ಮಸೀದಿಗಳನ್ನು ಕಟ್ಟಲಿಲ್ಲ. ಇಮಾಮ್ ಮಾಲಿಕ್‌ರ ‘ಮುವತ್ತಾ’ ಗ್ರಂಥವನ್ನು ಇಡೀ ಸಾಮ್ರಾಜ್ಯಕ್ಕೆ ಕಡ್ಡಾಯಗೊಳಿಸಲು ಅಬ್ಬಾಸೀ ಖಲೀಫರು ಮುಂದಾದಾಗ ಇಮಾಮರೇ ಅದನ್ನು ಒಪ್ಪಲಿಲ್ಲವೆಂದು ಚರಿತ್ರೆಕಾರರು ಹೇಳುತ್ತಾರೆ. ಬೇರೆ ನಾಡುಗಳಲ್ಲಿ ನೆಲೆಸಿದ ಸಹಾಬಿಗಳಿಂದ ಅಲ್ಲಿನ ಜನರೂ ಜ್ಞಾನ ಪಡೆದಿದ್ದಾರೆಂಬುದು ಅವರ ನಿಲುವಾಗಿತ್ತು. ತನ್ನ ಗ್ರಂಥಕ್ಕೆ ಸರಕಾರದ ಕತ್ತಿಯ ಬಲ ಸಿಗುವಾಗಲೂ ಬೇಡವೆನ್ನಲು ಎಷ್ಟು ದೊಡ್ಡ ವಿನಯ ಬೇಕು! ನಮ್ಮಲ್ಲಿ ಒಂದು ಮಸೀದಿ ಕಮಿಟಿಯ ಅಧ್ಯಕ್ಷ ಸ್ಥಾನವನ್ನು ಬಿಟ್ಟುಕೊಡುವುದೇ ಕಷ್ಟವಾಗಿದೆ.

ಅಹಂಕಾರವು ಮೊದಲು ಬೇರೂರುವುದು ಮನೆಯಲ್ಲಿ. ಇಂತಹ ಮನೆತನದವರಿಗೆ ಹೆಣ್ಣು ಕೊಡಬಾರದು, ಇಂತಹ ಕಸುಬಿನವರನ್ನು ಪಕ್ಕದಲ್ಲಿ ಕೂರಿಸಬಾರದು ಎಂದು ಊಟದ ಸುಪ್ರದ ಮುಂದೆ ಹಿರಿಯರು ಆಡುವ ಮಾತನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಅವರು ಬೆಳೆದು ಮುತವಲ್ಲಿಗಳಾದಾಗ ಅದೇ ಮಾತು ಮಸೀದಿಗೆ ಬರುತ್ತದೆ, ಮುಖಂಡರಾದಾಗ ಬೀದಿಗೆ ಬರುತ್ತದೆ. ಭೋಗಯ್ಯನನ್ನು ಹೊರಹಾಕಿದ ಊರನ್ನು ಟೀಕಿಸುವುದು ಸುಲಭ. ನಮ್ಮ ಮದುವೆಯ ಔತಣದಲ್ಲಿ ಬಡ ಬಂಧುವಿಗೆ ಯಾವ ಪಂಕ್ತಿಯಲ್ಲಿ ಸ್ಥಳ ಸಿಗುತ್ತದೆಂದು ನೋಡಿಕೊಳ್ಳುವುದು ಅದಕ್ಕಿಂತ ಕಷ್ಟ, ಆದರೆ ಹೆಚ್ಚು ಉಪಯುಕ್ತ.

ಹಾಗಾದರೆ ನಾವು ಮಾಡಬೇಕಾದುದೇನು? ನಮ್ಮ ನಂಬಿಕೆಯನ್ನು ನೀರು ಮಾಡಿ ಎಲ್ಲವೂ ಒಂದೇ ಎನ್ನಬೇಕೆ? ಖಂಡಿತ ಬೇಡ. ಇದೇ ಸುರಪುರ ತಾಲೂಕಿನಲ್ಲಿ ಕೃಷ್ಣೆಯ ತೀರದ ತಿಂಥಣಿಯ ಮೌನೇಶ್ವರ ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಹೋಗುತ್ತಾರೆ. ಅಲ್ಲಿನ ಆಚರಣೆಗಳ ಬಗ್ಗೆ ತೌಹೀದಿನ ನೆಲೆಯಲ್ಲಿ ನಮಗೆ ಸ್ಪಷ್ಟವಾದ ಭಿನ್ನಾಭಿಪ್ರಾಯವಿದೆ. ಅದನ್ನು ಪ್ರೀತಿಯಿಂದ, ತರ್ಕಬದ್ಧವಾಗಿ ಹೇಳುವ ಹಕ್ಕೂ ಇದೆ, ಹೊಣೆಯೂ ಇದೆ. ಆದರೆ ಅಲ್ಲಿಗೆ ಹೋಗುವವರನ್ನು ಹೀನಾಯವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆ ಜನರು ಶತಮಾನಗಳಿಂದ ಜೊತೆಯಾಗಿ ನಡೆದು ಬಂದಿದ್ದಾರೆ. ಅವರನ್ನು ತಿದ್ದುವ ಹೆಸರಿನಲ್ಲಿ ಅವರ ನಡುವಿನ ಸ್ನೇಹವನ್ನು ಕಡಿಯುವುದು ಸುಧಾರಣೆಯಾಗಲಾರದು.

ಪ್ರತಿಯೊಂದು ಜಮಾಅತ್ ಒಂದು ಕೆಲಸವನ್ನು ಈ ವಾರವೇ ಆರಂಭಿಸಬಹುದು. ತನ್ನೊಂದಿಗೆ ಭಿನ್ನಾಭಿಪ್ರಾಯವುಳ್ಳ ಮಸೀದಿಯ ಹಿರಿಯರನ್ನು ಕರೆದು ಒಂದು ಹೊತ್ತು ಊಟ ಹಾಕಲಿ. ಕಾಯಿಲೆಯವರನ್ನು ನೋಡಲು, ಮೃತರಿಗೆ ಹೆಗಲು ಕೊಡಲು ಪಂಗಡವನ್ನು ವಿಚಾರಿಸುವುದನ್ನು ನಿಲ್ಲಿಸಲಿ. ನೆರೆಯ ಹಿಂದೂ ಸಹೋದರನ ಸುಖದುಃಖಗಳಲ್ಲಿ ಹಬ್ಬದ ದಿನಕ್ಕಷ್ಟೇ ಸೀಮಿತವಾಗದೆ ಪಾಲ್ಗೊಳ್ಳಲಿ. ಆ ನೇಕಾರರು ತಮ್ಮ ನೆರೆಯವರಿಗಾಗಿ ಪ್ರಾಣ ಕೊಟ್ಟದ್ದು ಗಲಭೆಯ ದಿನ ಹುಟ್ಟಿದ ಸ್ನೇಹದಿಂದಲ್ಲ. ಅದಕ್ಕೆ ಮೊದಲು ವರ್ಷಗಟ್ಟಲೆ ಅವರು ಅಕ್ಕಪಕ್ಕದಲ್ಲಿ ಕುಳಿತು ಮಗ್ಗ ನಡೆಸಿದ್ದರು. ಕಷ್ಟಕಾಲದಲ್ಲಿ ಬಾಗಿಲು ತೆರೆಯುವ ನೆರೆಯವನು ಬೇಕಾದರೆ, ನೆಮ್ಮದಿಯ ಕಾಲದಲ್ಲಿ ನಮ್ಮ ಬಾಗಿಲು ತೆರೆದಿರಬೇಕು.